ಮಂಗಳವಾರದೊಳಗೆ ಬೆಲ್ಟ್ ಹಾಕಬೇಕಿತ್ತು

ಅಪ್ಪಯ್ಯನಿಗೆ ವಾರಕ್ಕೆ ಮೂರು ಡಯಾಲಿಸಿಸ್: ಮಂಗಳವಾರ, ಗುರುವಾರ, ಶನಿವಾರ. ಡೊಂಬಿವಲಿ ಪೂರ್ವದ ನಮ್ಮ ಮನೆಯಿಂದ ನವಿಮುಂಬಯಿಯ ಆಸ್ಪತ್ರೆಗೆ ಮಾನ್ಪಾಡಾ ರಸ್ತೆ, ಕಾಟೈ ನಾಕಾ, ಶಿಳ್‌ಫಾಟಾ, ಮಹಾಪೆ ದಾಟಿ ಹೋಗಬೇಕು. ನಾಲ್ಕು ಗಂಟೆ ಯಂತ್ರಕ್ಕೆ ಮೈಕೊಟ್ಟು ಬಂದ ಮುದುಕರನ್ನು ಲೋಕಲ್ ಟ್ರೈನಿನ ನೂಕುನುಗ್ಗಲಿಗೆ ಹತ್ತಿಸಲಾಗುವುದಿಲ್ಲ. ಮಳೆಗಾಲದಲ್ಲಿ ಟ್ಯಾಕ್ಸಿ ಬುಕ್ ಆದರೂ ಬರುವ ಭರವಸೆಯಿಲ್ಲ. ಹಾಗಾಗಿ ನಮ್ಮ ಹಳೆಯ ಸ್ಯಾಂಟ್ರೋ ಝಿಂಗ್ ಕಾರೇ ಅವರಿಗೆ ಆಧಾರ.

ಜುಲೈ ತಿಂಗಳ ಒಂದು ಶನಿವಾರ ಆಸ್ಪತ್ರೆಯಿಂದ ಮರಳುವಾಗ ಶಿಳ್‌ಫಾಟಾದ ಜಾಮಿನಲ್ಲಿ ಎಂಜಿನ್ನಿನ ಬಲಬದಿಯಿಂದ ಕಿರುಗುಟ್ಟುವ ಸದ್ದು ಕೇಳಿಸಿತು. ಮನೆಗೆ ಬಂದು ಟೈಮಿಂಗ್ ಕವರಿನ ಮೇಲ್ಭಾಗ ಬಿಚ್ಚಿ ಟಾರ್ಚ್ ಹಿಡಿದೆ. ಟೈಮಿಂಗ್ ಬೆಲ್ಟಿನ ಬೆನ್ನ ಮೇಲೆ ಅಡ್ಡಡ್ಡ ಬಿರುಕು. ಅಂಚಿನಲ್ಲಿ ಎಣ್ಣೆಯ ಜಿಡ್ಡು. ಗ್ಯಾರೇಜಿಗೆ ಫೋನ್ ಮಾಡಿದರೆ, ಗಾಡಿ ಬಿಟ್ಟು ಹೋಗಿ, ಗುರುವಾರದ ಹೊತ್ತಿಗೆ ನೋಡೋಣ ಎಂದರು. ಶನಿವಾರದಿಂದ ಮಂಗಳವಾರದವರೆಗಿನ ಬಿಡುವೇ ಡಯಾಲಿಸಿಸ್ ರೋಗಿಗೆ ವಾರದಲ್ಲಿ ಅತಿ ದೀರ್ಘವಾದದ್ದು. ಮೈಯಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಅದರ ಮೇಲೆ ಇನ್ನೊಂದು ದಿನ ತಳ್ಳುವ ಮಾತೇ ಇರಲಿಲ್ಲ. ನಾನು ಎಂಐಡಿಸಿ ಕೈಗಾರಿಕಾ ವಲಯದ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟರ್. ಪಂಪು, ಬೇರಿಂಗು, ಬೆಲ್ಟು ನನ್ನ ದಿನದ ಕೆಲಸ. ಸೊಸೈಟಿಯ ಸೆಕ್ರೆಟರಿಯನ್ನು ಕೇಳಿ, ಪಾರ್ಕಿಂಗಿನಲ್ಲಿಯೇ ಬಿಚ್ಚುವುದೆಂದು ತೀರ್ಮಾನಿಸಿದೆ.

ಈ ಬೆಲ್ಟಿನ ಕೆಲಸವೇನೆಂದು ತಿಳಿದವರಿಗೆ ನನ್ನ ಅವಸರ ಅರ್ಥವಾದೀತು. ಪಿಸ್ಟನ್‌ಗೆ ಜೋಡಿಸಿದ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ, ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಆ ಲೆಕ್ಕ ಕಾಯುವುದು ಹಲ್ಲಿರುವ ಈ ರಬ್ಬರ್ ಪಟ್ಟಿ. ಅದು ಓಡುವಾಗ ಕಡಿದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ಮಾತ್ರ ಮೇಲೇರುತ್ತಲೇ ಇರುತ್ತದೆ. ತೆರೆದ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ. ಆಮೇಲೆ ಸಿಲಿಂಡರ್ ಹೆಡ್ಡನ್ನೇ ಇಳಿಸಬೇಕು. ಹೆದ್ದಾರಿಯ ನಡುವೆ, ಮಳೆಯಲ್ಲಿ, ಹಿಂದಿನ ಸೀಟಿನಲ್ಲಿ ಅಪ್ಪಯ್ಯನನ್ನು ಕೂರಿಸಿಕೊಂಡು ಅದು ಆಗಬಾರದು.

ಕಿಲೋಮೀಟರ್ ನೋಡಿದರೆ ಬೆಲ್ಟಿಗೆ ಇನ್ನೂ ಆಯಸ್ಸಿತ್ತು. ಆದರೆ ಕಲ್ಯಾಣ್–ಶಿಳ್ ರಸ್ತೆಯಲ್ಲಿ ಓಡಾಡುವವರಿಗೆ ಕಿಲೋಮೀಟರ್ ಲೆಕ್ಕ ಸಾಲದು. ಗಾಡಿ ನಿಂತಿದ್ದರೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಒಂದು ಗಂಟೆ ಜಾಮಿನಲ್ಲಿ ಸಿಕ್ಕಿದರೆ 48,000 ಸುತ್ತು. ಮೀಟರಿನಲ್ಲಿ ಏರುವುದು ಒಂದೆರಡು ಕಿಲೋಮೀಟರ್. ಎದುರುಗಾಳಿಯಿಲ್ಲದೆ ಬಾನೆಟ್ಟಿನೊಳಗೆ ಬಿಸಿಯೂ ಏರಿರುತ್ತದೆ. ರಬ್ಬರ್ ಆ ಬಿಸಿಗೂ ವಯಸ್ಸಿಗೂ ಒಣಗುತ್ತದೆ.

ಭಾನುವಾರ ಬೆಳಗ್ಗೆ ಬ್ಯಾಟರಿಯ ತಂತಿ ಬಿಚ್ಚಿ, ಮುಂದಿನ ಬಲಚಕ್ರ ತೆಗೆದು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ಜ್ಯಾಕನ್ನು ಮಾತ್ರ ನಂಬಿ ಯಾರೂ ಗಾಡಿಯ ಕೆಳಗೆ ಕೈ ಹಾಕಬಾರದು. ಆಯಿಲ್ ಸಂಪಿನ ಕೆಳಗೆ ಹಲಗೆಯಿಟ್ಟು ಇನ್ನೊಂದು ಜ್ಯಾಕಿನಿಂದ ಎಂಜಿನ್ನಿಗೆ ಆಸರೆ ಕೊಟ್ಟು ಬಲಬದಿಯ ಮೌಂಟಿಂಗ್ ಬಿಚ್ಚಿದೆ. ಆಲ್ಟರ್ನೇಟರ್, ಎಸಿ ಬೆಲ್ಟುಗಳು ಸಲೀಸಾಗಿ ಬಂದವು.

ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟ್ ಬರಲಿಲ್ಲ. ಅದನ್ನು ಬಿಗಿಯುವುದೇ 140 ನ್ಯೂಟನ್ ಮೀಟರಿಗೆ. ಮೇಲೆ ವರ್ಷಗಟ್ಟಲೆ ಮಳೆನೀರು ಕುಡಿದ ತುಕ್ಕು. ಐದನೇ ಗೇರ್ ಹಾಕಿ, ನೆರೆಮನೆಯ ಶೆಟ್ರನ್ನು ಬ್ರೇಕಿನ ಮೇಲೆ ಕೂರಿಸಿ ಎಳೆದೆ. ಪಾನಾ (ಸ್ಪ್ಯಾನರ್) ಬಾಗಿತೇ ವಿನಾ ಬೋಲ್ಟ್ ಅಲುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದೆವು. ಮಳೆ ಅಡ್ಡ ಹೊಡೆದು ಪಾರ್ಕಿಂಗಿನೊಳಗೆ ನೀರು ಹರಿಯುತ್ತಿತ್ತು. ನಾನು ಅದರಲ್ಲೇ ಗೋಣಿಚೀಲ ಹಾಸಿ ಮಲಗಿದ್ದೆ. ಅಂಗೈ ಕಿತ್ತು ರಕ್ತ ಬಂದಿತ್ತು. ಶೆಟ್ರು ತಮ್ಮ ಮನೆಯ ಕೆಲಸಕ್ಕೆ ತಂದಿಟ್ಟಿದ್ದ ಜಿಐ ಪೈಪ್ ತಂದರು. ಪಾನಾಕ್ಕೆ ಪೈಪ್ ತೊಡಿಸಿ ಮೈಭಾರ ಹಾಕಿದಾಗ ಬೋಲ್ಟ್ ಫಟ್ಟೆಂದು ಸಡಿಲಿತು. ಕಡಿದೇ ಹೋಯಿತೆಂದು ಎದೆ ಝಲ್ಲೆಂದಿತ್ತು. ಕಡಿದಿರಲಿಲ್ಲ.

ಹಳೆ ಬೆಲ್ಟ್ ತೆಗೆದು ನೋಡಿದರೆ, ಎಣ್ಣೆ ಬರುತ್ತಿದ್ದದ್ದು ಕ್ಯಾಮಿನ ಆಯಿಲ್ ಸೀಲಿನಿಂದ. ಅದನ್ನು ಹಾಗೇ ಬಿಟ್ಟು ಹೊಸ ಬೆಲ್ಟ್ ಹಾಕಿದರೆ ಹಾಕಿದ್ದೂ ವ್ಯರ್ಥ. ಬಿಡಿಭಾಗ ತರಲು ಠಾಕುರ್ಲಿ ದಾಟಿ ಕಲ್ಯಾಣಿಗೆ ಹೋದೆ. ಒಂದು ಅಂಗಡಿಯವನು ಕೊಟ್ಟ ಬೆಲ್ಟಿನ ಮೇಲೆ ಅಕ್ಷರ ಉಗುರಿಗೇ ಅಳಿಸಿ ಬರುತ್ತಿತ್ತು. ಅಲ್ಲೇ ಹಿಂತಿರುಗಿಸಿದೆ. ಮುದ್ರೆಯೇ ನಿಲ್ಲದ ಬೆಲ್ಟನ್ನು ಅಪ್ಪಯ್ಯನ ಗಾಡಿಗೆ ಹಾಕುವ ಮನಸ್ಸಾಗಲಿಲ್ಲ. ಥಾಣೆಗೆ ಹೋಗಬೇಕಾಯಿತು. ಹಳಿ ದುರಸ್ತಿಗೆಂದು ಲೋಕಲ್‌ಗಳಿಗೆ ಭಾನುವಾರದ ಮೆಗಾಬ್ಲಾಕ್, ಮೇಲೆ ಮಳೆ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಸೀಲ್ ಹಿಡಿದು ಮನೆ ಸೇರುವಾಗ ಕತ್ತಲಾಗಿತ್ತು.

ಹೊಸ ಸೀಲನ್ನು ಒತ್ತಿ ಕೂರಿಸಿ, ಕ್ರ್ಯಾಂಕಿನ ಗುರುತು, ಕ್ಯಾಮಿನ ಗುರುತು ಎರಡನ್ನೂ ನೇರಕ್ಕೆ ತಂದು ಬೆಲ್ಟ್ ಏರಿಸಿದೆ. ಟೆನ್ಷನರ್ ಸ್ಪ್ರಿಂಗ್ ಬಿಟ್ಟು, ಪಾನಾದಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿದರೆ, ಕ್ಯಾಮಿನ ಗುರುತು ಒಂದು ಹಲ್ಲು ಹಿಂದೆ ನಿಂತಿತ್ತು. ಸ್ಪ್ರಿಂಗ್ ಎಳೆದಾಗ ಬೆಲ್ಟ್ ಸರಿದಿತ್ತು. “ಒಂದೇ ಹಲ್ಲಲ್ವಾ ಮಾರಾಯ್ರೆ?” ಎಂದರು ಶೆಟ್ರು, ಟಾರ್ಚ್ ಹಿಡಿದು ಅವರ ಕೈ ಸೋತಿತ್ತು. ಒಂದು ಹಲ್ಲು ತಪ್ಪಿದರೂ ಎಂಜಿನ್ ನಡುಗುತ್ತದೆ, ಶಕ್ತಿ ಕುಂದುತ್ತದೆ. ಮತ್ತೆ ಬಿಚ್ಚಿದೆ. ಟೆನ್ಷನರಿಲ್ಲದ ಬದಿಯನ್ನು ಬಿಗಿಯಾಗಿ ಹಿಡಿದು ಏರಿಸಿ, ಮತ್ತೆ ತಿರುಗಿಸಿದೆ. ಈ ಸಲ ಗುರುತುಗಳು ಕೂಡಿದವು. ಮೇಲಿನ ಕಿಟಕಿಯಿಂದ ಅಪ್ಪಯ್ಯ, “ಊಟ ಮಾಡಿಕಂಡ್ ಮಾಡಾ, ಮಗಾ” ಎಂದು ಕೂಗಿದರು. ಊಟ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಸೋಮವಾರ ಉಳಿದದ್ದೆಲ್ಲ ಜೋಡಿಸಿ ಕೀಲಿ ತಿರುಗಿಸಿದೆ. ಎಂಜಿನ್ ಮೊದಲ ಸಲಕ್ಕೇ ಹತ್ತಿತು. ಕಿರುಗುಟ್ಟು ಇರಲಿಲ್ಲ. ಶೆಟ್ರು ಬಾನೆಟ್ಟಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ಮಂಗಳವಾರ ಅಪ್ಪಯ್ಯ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಿದರು.

ಡೊಂಬಿವಲಿ, ಕಲ್ಯಾಣ್ ಕಡೆಯ ಹಳೆ ಗಾಡಿಯವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಎಂಜಿನ್ನಿನಲ್ಲಿ ಇರುವುದು ಚೈನೋ ಬೆಲ್ಟೋ ಮೊದಲು ತಿಳಿದುಕೊಳ್ಳಿ. ಬೆಲ್ಟಾಗಿದ್ದರೆ, ಹಾಕಿ ಎಷ್ಟು ವರ್ಷವಾಯಿತೆಂದು ನೋಡಿ. ಸೆಕೆಂಡ್‌ಹ್ಯಾಂಡ್ ಕೊಂಡ ಗಾಡಿಯಾಗಿದ್ದು ಬಿಲ್ ಇಲ್ಲದಿದ್ದರೆ, ಸದ್ದು ಬರುವವರೆಗೆ ಕಾಯದೆ ಬದಲಿಸಿ. ಮನೆಯಲ್ಲೇ ಮಾಡುವವರು, ಜೊತೆಗೆ ಇನ್ನೊಬ್ಬರಿಲ್ಲದೆ ಶುರುಮಾಡಬೇಡಿ. ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಗುರುತು ನೋಡದೆ ಕೀಲಿ ಮುಟ್ಟಬೇಡಿ.