ಪರದೆ ಪುಣೆಯಲ್ಲಿ, ಮನೆ ತಾತಗುಣಿಯಲ್ಲಿ

ಪುಣೆಗೆ ಬಂದ ಹೊಸತರಲ್ಲಿ ಲಾ ಕಾಲೇಜು ರಸ್ತೆಯ ಫಿಲ್ಮ್ ಆರ್ಕೈವಿನಲ್ಲಿ ‘ಅಛೂತ್ ಕನ್ಯಾ’ ನೋಡಿದೆ. 1936ರ ಚಿತ್ರ. ರೈಲ್ವೆ ಗೇಟು ಕಾಯುವವನ ಮಗಳು ಕಸ್ತೂರಿಯಾಗಿ ದೇವಿಕಾ ರಾಣಿ ಪರದೆಗೆ ಬಂದಾಗ, ಪಕ್ಕದಲ್ಲಿದ್ದ ಮರಾಠಿ ಗೆಳೆಯನ ಕಿವಿಯಲ್ಲಿ, “ಇವರನ್ನು ನಾನು ನೋಡಿದ್ದೇನೆ, ನಮ್ಮ ಬೆಂಗಳೂರಿನಲ್ಲಿರುತ್ತಾರೆ” ಅಂದೆ. ಅವನು ನಂಬಲಿಲ್ಲ. ನೋಡಿದ್ದು ನಿಜ. ಆದರೆ ಅವತ್ತು ನಾನು ನೋಡಲು ಹೋಗಿದ್ದು ಅವರ ಯಜಮಾನರನ್ನು.

ಚಿತ್ರಕಲಾ ಪರಿಷತ್ತಿನ ಅಂಗಳದಲ್ಲಿ ಬಿಳಿ ಗಡ್ಡದ ಸ್ವೆತೊಸ್ಲಾವ್ ರೋರಿಕ್ ನಿಧಾನವಾಗಿ ನಡೆದು ಬಂದರು. ನಮ್ಮ ಬಾಯಲ್ಲಿ ಅವರು ರೋರಿಚ್. ತಮ್ಮವೂ ತಂದೆಯವೂ ಆದ ಅನೇಕ ಚಿತ್ರಗಳನ್ನು ಪರಿಷತ್ತಿಗೆ ಕೊಟ್ಟವರು. ತಂದೆ ನಿಕೋಲಸ್ ರೋರಿಕ್‌ರ ನೀಲಿ ಹಿಮಾಲಯವನ್ನು ನಾನು ಮೊದಲು ಕಂಡದ್ದು ಅಲ್ಲೇ. ಬೆಟ್ಟಕ್ಕೆ ಅಷ್ಟು ಬಗೆಯ ನೀಲಿ ಇರಬಹುದೆಂದು ಬಯಲುಸೀಮೆಯವನಾದ ನನಗೆ ಗೊತ್ತಿರಲಿಲ್ಲ.

ಅವು ಕೋಣೆಯಲ್ಲಿ ಕೂತು ಕಲ್ಪಿಸಿದ ಬೆಟ್ಟಗಳಲ್ಲ. 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ನಿಕೋಲಸ್, 1925ರಿಂದ 1928ರವರೆಗೆ ಹೆಂಡತಿ ಹೆಲೆನಾ, ಹಿರಿಯ ಮಗ ಜಾರ್ಜ್ ಜೊತೆ ಲಡಾಖ್, ಅಲ್ತಾಯ್, ಮಂಗೋಲಿಯ, ಟಿಬೆಟ್ ಸುತ್ತಿದರು. ಟಿಬೆಟ್ಟಿನ ಎತ್ತರದ ಬಯಲಿನಲ್ಲಿ ಅಧಿಕಾರಿಗಳು ತಡೆದಾಗ ಸುಮಾರು ಐದು ತಿಂಗಳ ಚಳಿಗಾಲವನ್ನು ಡೇರೆಯಲ್ಲೇ ಕಳೆದರು. ಸಾಮಾನು ಹೊತ್ತ ಪ್ರಾಣಿಗಳು ಸಾಲಾಗಿ ಸತ್ತವು. ಆಮೇಲೆ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಯುದ್ಧದಲ್ಲೂ ಕಲೆಯ ನೆಲೆಗಳಿಗೆ ಕೈ ಹಚ್ಚಬಾರದೆನ್ನುವ, 1935ರ ರೋರಿಕ್ ಒಪ್ಪಂದ ಅವರ ಹೆಸರಿನದೇ.

ಮಗ ಸ್ವೆತೊಸ್ಲಾವ್ ದಕ್ಷಿಣಕ್ಕೆ ಬಂದರು. 1945ರಲ್ಲಿ ದೇವಿಕಾ ರಾಣಿ ಸಿನಿಮಾ ಬಿಟ್ಟು ಅವರನ್ನು ಮದುವೆಯಾದರು. ಮುಂದೆ ಇಬ್ಬರೂ ಕನಕಪುರ ರಸ್ತೆಯ ತಾತಗುಣಿಯಲ್ಲಿ 468 ಎಕರೆಯ ತೋಟದಲ್ಲಿ ಬಾಳಿದರು. ಅಲ್ಲಿ ಸುಗಂಧತೈಲಕ್ಕಾಗಿ ಮೆಕ್ಸಿಕೋ ಮೂಲದ ಲಿನಲೋ ಮರಗಳನ್ನು ಬೆಳೆಸಿದ್ದರು. ಸಂಸತ್ತಿನ ಸೆಂಟ್ರಲ್ ಹಾಲಿನ ನೆಹರೂ ಭಾವಚಿತ್ರ ಸ್ವೆತೊಸ್ಲಾವ್ ಕೈಯದು. ನನ್ನ ಕಾಲೇಜು ದಿನಗಳಲ್ಲಿ ಆ ತೋಟದ ಮುಂದೆ ಬಸ್ಸು ಹಾದರೆ ಮರಗಳಷ್ಟೇ ಕಾಣುತ್ತಿದ್ದವು.

1993ರ ಜನವರಿ 30ರಂದು ಸ್ವೆತೊಸ್ಲಾವ್ ಹೋದರು. ಮರುವರ್ಷ ಮಾರ್ಚ್ 9ರಂದು ಈಕೆ. ಮಕ್ಕಳಿರಲಿಲ್ಲ. ತೋಟಕ್ಕೆ ಹಕ್ಕುದಾರರು ಹುಟ್ಟಿಕೊಂಡರು. 1996ರಲ್ಲಿ ಕರ್ನಾಟಕ ಸರ್ಕಾರ ಅದನ್ನು ವಶಕ್ಕೆ ಪಡೆಯಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದು 2011ರ ಆಗಸ್ಟಿನಲ್ಲಿ. ಆ ಹದಿನೈದು ವರ್ಷ ಪುಣೆಗೆ ತಡವಾಗಿ ಬರುತ್ತಿದ್ದ ಕನ್ನಡ ಪತ್ರಿಕೆಗಳಲ್ಲಿ ನಾನು ಓದಿದ್ದು ಹೆಚ್ಚಾಗಿ ಎಕರೆಯ ಲೆಕ್ಕ. ಬಣ್ಣದ ಮಾತು ಅಪರೂಪ. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ಆ ನೆಲಕ್ಕೆ ಬೆಲೆ ರಸ್ತೆಯಿಂದ ಬಂದಿರಬಹುದು, ಹೆಸರು ಬಂದದ್ದು ಕುಂಚದಿಂದ.

ಈಗ ಬೆಂಗಳೂರಿಗೆ ಹೋದರೆ ಆ ದಿಕ್ಕಿನಲ್ಲಿ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ಇದೆ, 2021ರಲ್ಲಿ ಬಂತು. ರಸ್ತೆಯ ಎರಡೂ ಕಡೆ ಅಪಾರ್ಟ್‌ಮೆಂಟುಗಳು. ಬನ್ನೇರುಘಟ್ಟದ ಕಾಡಾನೆಗಳು ಮಾತ್ರ ತಾತಗುಣಿಯ ದಾರಿ ಮರೆತಿಲ್ಲ.

ದೇವಿಕಾ ರಾಣಿಯನ್ನು ಪುಣೆ ಡಬ್ಬಿಗಳಲ್ಲಿ ಜೋಪಾನ ಮಾಡಿತು, ಬೇಕಾದಾಗ ಪರದೆಗೆ ತಂದಿತು. ರೋರಿಕ್‌ರನ್ನು ನೋಡಬೇಕೆಂದರೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಕುಮಾರಕೃಪಾ ರಸ್ತೆಯ ಪರಿಷತ್ತಿನ ಗ್ಯಾಲರಿಯಲ್ಲಿ ತಂದೆ, ಮಗ ಇಬ್ಬರ ಚಿತ್ರಗಳೂ ಒಂದೇ ಸೂರಿನಡಿ ಇವೆ. ಚಿತ್ರಸಂತೆಯ ದಿನ ಆ ರಸ್ತೆಗೆ ಹೋಗುವವರು, ಇನ್ನೊಂದು ದಿನ ಬಿಡುವು ಮಾಡಿಕೊಂಡು ಒಳಗೂ ಹೋಗಿ ಬನ್ನಿ.