ಇಲ್ಲದವರಿಗೆ ಬ್ರೇಕು

ನಮ್ಮ ಬೆಂಗಳೂರಿನ ಪಾದಚಾರಿಗೆ ಮೊದಲಿನಿಂದಲೂ ಒಂದು ಸುರಕ್ಷತಾ ವ್ಯವಸ್ಥೆ ಇದೆ: ಬಲಗೈ. ಅದನ್ನು ಭುಜದ ಮಟ್ಟಕ್ಕೆ ಚಾಚಿ, ಅಂಗೈಯನ್ನು ಬರುವ ಲಾರಿಯ ಮುಖಕ್ಕೆ ಹಿಡಿದು, ತನ್ನ ಮುಖವನ್ನು ಮಾತ್ರ ಬೇರೆ ಕಡೆ ತಿರುಗಿಸಿಕೊಂಡು ಆತ ರಸ್ತೆಗಿಳಿಯುತ್ತಾನೆ. ಲಾರಿ ಬೈದುಕೊಂಡೇ ನಿಲ್ಲುತ್ತದೆ. ಇಂಗ್ಲೆಂಡಿನವರಿಗೆ ಈ ವಿದ್ಯೆ ಬರುತ್ತಿರಲಿಲ್ಲವೆಂದು ಕಾಣುತ್ತದೆ, 1865ರಲ್ಲಿ ಕಾನೂನನ್ನೇ ಮಾಡಿದರು. ಯಂತ್ರದ ಗಾಡಿ ರಸ್ತೆಗೆ ಬಂದರೆ ಅದಕ್ಕಿಂತ 60 ಗಜ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು. ಪಾದಚಾರಿಯನ್ನು ಕಾಯಲು ಇನ್ನೊಬ್ಬ ಪಾದಚಾರಿ! ನನಗೇನೋ ಆ ಏರ್ಪಾಡು ಬಹಳ ಇಷ್ಟ. ಬಾವುಟದವನು ಇಲ್ಲದವರನ್ನು ಕಂಡು ಕಿರುಚುತ್ತಿರಲಿಲ್ಲ, ಅಷ್ಟನ್ನಾದರೂ ನಂಬಬಹುದು.

ನನ್ನ ಕಾರು ಕಿರುಚುತ್ತದೆ. ಅದೂ ಎಲ್ಲೆಂದರಲ್ಲಿ ಅಲ್ಲ. ನಮ್ಮ ಬಡಾವಣೆಯಿಂದ ಮುಖ್ಯರಸ್ತೆಗೆ ಹೊರಳುವ ತಿರುವಿನಲ್ಲಿ ಮಾತ್ರ. ಡ್ಯಾಶ್‌ಬೋರ್ಡಿನಲ್ಲಿ ನಡೆಯುವ ಮನುಷ್ಯನ ಕೆಂಪು ಚಿತ್ರ, ಪೀಂ ಪೀಂ ಸದ್ದು, ಒಮ್ಮೊಮ್ಮೆ ತಾನೇ ಬ್ರೇಕು ಹಾಕಿಕೊಂಡು ಮುಗ್ಗರಿಸುವುದು. ಎದುರಿಗೆ ನೋಡಿದರೆ ನರಪಿಳ್ಳೆಯೂ ಇಲ್ಲ.

"ಯಾರೋ ಅಡ್ಡ ಬಂದ್ರೇನೋ?" ಎನ್ನುತ್ತಾಳೆ ಹಿಂದಿನ ಸೀಟಿನಿಂದ ಅಮ್ಮ.

"ಯಾರೂ ಇಲ್ಲಮ್ಮ."

"ಮತ್ತೆ ಅದಕ್ಕೆ ಕಂಡಿದ್ದು ಯಾರು?"

ಈ ಪ್ರಶ್ನೆಗೆ ಕಾರಿನ ಜೊತೆ ಬಂದ ದಪ್ಪ ಪುಸ್ತಕದಲ್ಲಿ ಉತ್ತರವಿಲ್ಲ. ಅಮ್ಮನಲ್ಲಿತ್ತು. "ಆ ತಿರುವಿನಲ್ಲಿ ಹುಣಸೆ ಮರ ಇತ್ತಲ್ಲ, ಕಡಿದುಹಾಕಿದ್ರು." ಮರ ಹೋದರೂ ಅದರಲ್ಲಿದ್ದದ್ದು ಹೋಗಬೇಕೆಂದೇನೂ ಇಲ್ಲ ಎಂಬುದು ಅವಳ ಡಯಾಗ್ನೋಸಿಸ್. ಚಿಕಿತ್ಸೆಯನ್ನೂ ಅವಳೇ ಮಾಡಿದಳು. ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಬಂಪರಿನ ನಟ್ಟನಡುವೆ ಕಟ್ಟಿಸಿದಳು.

ಸರ್ವಿಸ್ ಸೆಂಟರಿನ ಹುಡುಗ ಮೊದಲು ನೋಡಿದ್ದೇ ಅದನ್ನು. "ಸರ್, ಇದರ ಹಿಂದೆಯೇ ರಡಾರ್ ಇರೋದು." ತೆಗೆದು ಭಕ್ತಿಯಿಂದಲೇ ಪಕ್ಕಕ್ಕಿಟ್ಟ. ಆಮೇಲೆ ವಿವರಿಸಿದ. ಗಾಜಿನ ಹಿಂದೆ, ಕನ್ನಡಿಯ ಹತ್ತಿರ ಕೂತ ಕ್ಯಾಮೆರಾ ಆಕಾರ ನೋಡಿ 'ಇದು ಮನುಷ್ಯ' ಎನ್ನುತ್ತದೆ. ರಡಾರು ಎಷ್ಟು ದೂರ, ಎಷ್ಟು ವೇಗ ಎಂದು ಅಳೆಯುತ್ತದೆ. ಇಬ್ಬರೂ ಹೌದೆಂದರೆ ಬ್ರೇಕು. ಕೆಸರೋ ನಿಂಬೆಹಣ್ಣೋ ಅಡ್ಡ ಬಂದರೆ ಕಾರು ಸಾಮಾನ್ಯವಾಗಿ 'ನನಗೆ ಕಾಣಿಸುತ್ತಿಲ್ಲ' ಎಂದು ಹೇಳಿ ಸುಮ್ಮನಾಗುತ್ತದೆ. ಕಾಣದಿರುವುದು ಒಂದು ಕಾಯಿಲೆ, ಇಲ್ಲದ್ದು ಕಾಣುವುದು ಬೇರೆಯೇ ಕಾಯಿಲೆ. ನಮ್ಮದು ಎರಡನೆಯದು.

"ಮುಂದಿನ ಗಾಜು ಬದಲಾಯಿಸಿದ್ರಾ ಸರ್?" ಇಲ್ಲ. ಬದಲಾಯಿಸಿದ್ದರೆ ಕ್ಯಾಮೆರಾಕ್ಕೆ ಸಮತಟ್ಟು ನೆಲದ ಮೇಲೆ ಗುರುತಿನ ಹಲಗೆ ತೋರಿಸಿ ಮತ್ತೆ ದಿಕ್ಕು ಹೇಳಿಕೊಡಬೇಕಂತೆ. ಅದು ಒಂದೇ ಒಂದು ಡಿಗ್ರಿ ವಾಲಿದರೂ 50 ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್ ಆಚೀಚೆ ಆಗುತ್ತದೆ. ಫುಟ್‌ಪಾತಿನಲ್ಲಿ ತಮ್ಮ ಪಾಡಿಗೆ ನಿಂತವರು ಕಾರಿನ ಲೆಕ್ಕದಲ್ಲಿ ರಸ್ತೆಗೆ ಬಂದುಬಿಡುತ್ತಾರೆ. ಸ್ಕ್ಯಾನರ್ ಚುಚ್ಚಿದ, ಒಂದು ಕೋಡೂ ಬರಲಿಲ್ಲ. ಬಂಪರ್ ತಟ್ಟಿದ, ನಂಬರ್ ಪ್ಲೇಟು ಅಲುಗಾಡಿಸಿದ, ಗಾಜು ಒರೆಸಿದ. ವಾಲ್ವೋದವರ ಕಥೆಯನ್ನೂ ಹೇಳಿದ. ಸ್ವೀಡನ್ನಿನ ಮೂಸ್ ಜಿಂಕೆಗಳನ್ನು ಚೆನ್ನಾಗಿಯೇ ಗುರುತಿಸುವ ಅವರ ಕಾರು ಆಸ್ಟ್ರೇಲಿಯಾದಲ್ಲಿ ಕಾಂಗರೂ ಮುಂದೆ ಸೋತಿತ್ತಂತೆ. 2017ರಲ್ಲಿ ಅವರೇ ಒಪ್ಪಿಕೊಂಡರು. ಪ್ರಾಣಿ ಎಷ್ಟು ದೂರವಿದೆ ಎಂಬುದನ್ನು ನೆಲ ನೋಡಿ ಅಂದಾಜು ಮಾಡುತ್ತಿದ್ದ ಕಾರಿಗೆ, ಕಾಂಗರೂ ಹಾರಿದಾಗ ದೂರ ಹೋದಂತೆ, ಇಳಿದಾಗ ಹತ್ತಿರ ಬಂದಂತೆ ಕಾಣುತ್ತಿತ್ತು.

"ನಮ್ಮ ತಿರುವಿನಲ್ಲಿ ಕಾಂಗರೂ ಇಲ್ಲಪ್ಪ."

"ಹಾಗಾದ್ರೆ ಅಲ್ಲಿಗೇ ಹೋಗಿ ನೋಡೋಣ ಸರ್."

ಹೋದೆವು. ದೇವಸ್ಥಾನಕ್ಕೆಂದು ಹೊರಟಿದ್ದ ಅಮ್ಮನೂ ಹಿಂದೆ ಕೂತಳು. ತಿರುವು ಬಂತು, ಕಾರು ಕಿರುಚಿತು. ಹುಡುಗ ನಕ್ಕ. "ನಿಮ್ಮ ಕಾರಿಗೆ ಏನೂ ಆಗಿಲ್ಲ ಸರ್. ಅಲ್ಲಿ ತಾತ ನಿಂತಿದ್ದಾರೆ ನೋಡಿ."

ನಿಂತಿದ್ದರು. ಆ ಹುಣಸೆ ಮರದ ಕೆಳಗೆ ಗಾಡಿ ಇಟ್ಟುಕೊಂಡು ಇಡೀ ಬಡಾವಣೆಗೆ ಇಸ್ತ್ರಿ ಮಾಡುತ್ತಿದ್ದವರು. ಎಡ ಹೆಗಲ ಮೇಲೆ ಬಟ್ಟೆಯ ಗಂಟು, ಬಲಗೈ ಮೇಲಕ್ಕೆತ್ತಿ ರಸ್ತೆ ದಾಟುತ್ತಿದ್ದವರು. ತೀರಿಕೊಂಡ ಮೇಲೆ ಆಟೋ ಹುಡುಗರು ಚಂದಾ ಎತ್ತಿ ಫ್ಲೆಕ್ಸ್ ಹಾಕಿದ್ದರು. 'ಮತ್ತೆ ಹುಟ್ಟಿ ಬನ್ನಿ'. ಸಾಮಾನ್ಯವಾಗಿ ಇಂಥವುಗಳಲ್ಲಿ ಹೋದವರಿಗಿಂತ ಕೋರುವವರ ಮುಖಗಳೇ ದೊಡ್ಡವು. ತಾತನದು ಸಿಕ್ಕಿದ್ದು ಒಂದೇ ಫೋಟೋ, ಯಾವುದೋ ಮದುವೆಯಲ್ಲಿ ಬಿಳಿ ಪಂಚೆ ಉಟ್ಟು ನಿಂತದ್ದು. ಆದ್ದರಿಂದ ಅಡಿಯಿಂದ ಮುಡಿಯವರೆಗೆ ಆಳೆತ್ತರ ಬಂದುಬಿಟ್ಟಿದ್ದರು. ಹಿಂದೆ ಕಬ್ಬಿಣದ ಚೌಕಟ್ಟು. ಕ್ಯಾಮೆರಾ 'ಮನುಷ್ಯ' ಎಂದಿತು. ಬಟ್ಟೆಯನ್ನು ಲೆಕ್ಕಿಸದ ರಡಾರಿಗೆ ಕಬ್ಬಿಣ ಸಿಕ್ಕಿತು, ಅದೂ 'ಹೌದು' ಎಂದಿತು. ತಿರುವಿನಲ್ಲಿ ಕಾರಿನ ಮೂತಿ ರಸ್ತೆಯಂಚಿಗೇ ನೆಟ್ಟಿರುವುದರಿಂದ ತಾತ ನೇರ ಎದುರಿಗೇ ಬರುತ್ತಿದ್ದರು. ನಾವಾದರೂ ಎಷ್ಟು ಜಾಣರು? 2019ರಲ್ಲಿ ಸಂಚಾರ ಪೊಲೀಸರು ವೃತ್ತಗಳಲ್ಲಿ ಸಮವಸ್ತ್ರದ ಬೊಂಬೆಗಳನ್ನು ನಿಲ್ಲಿಸಿದಾಗ, ದೂರದಿಂದಲೇ ಸೀಟ್‌ಬೆಲ್ಟು ಎಳೆದುಕೊಂಡವರಲ್ಲಿ ನಾನೂ ಒಬ್ಬ.

"ಹಾಗಾದ್ರೆ ಆಟೋಗಳ ಹಿಂದಿನ ಶಂಕರ್‌ನಾಗ್‌ಗೆ ಯಾಕೆ ಬ್ರೇಕು ಹಾಕಲ್ಲ?" ಎಂದೆ.

"ಅದು ಬರೀ ಮುಖ ಸರ್. ಕಾರಿಗೆ ಆಟೋ ಕಾಣುತ್ತೆ, ಶಂಕ್ರಣ್ಣ ಕಾಣಲ್ಲ."

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ರಸ್ತೆಯಲ್ಲೇ ಹೋದ ಮನುಷ್ಯ. ಇಂದಿಗೂ ಊರೆಲ್ಲ ಅವರನ್ನು ಹೊತ್ತು ತಿರುಗುತ್ತದೆ. ಅವರಿಗೆ ಸಿಗದ ಮರ್ಯಾದೆ ನಮ್ಮ ಇಸ್ತ್ರಿ ತಾತನಿಗೆ ಸಿಗುತ್ತಿತ್ತು.

ಹುಡುಗ ಪರದೆಯ ಮೇಲೆ ಬೆರಳಾಡಿಸಿದ. "ಎಚ್ಚರಿಕೆ ಬೇಗ, ಮಧ್ಯಮ, ತಡ ಅಂತ ಮೂರಿದೆ. ತಡಕ್ಕೆ ಇಟ್ಟುಬಿಡ್ಲಾ ಸರ್? ಈ ಕಿರಿಕಿರಿ ಕಡಿಮೆ ಆಗುತ್ತೆ."

"ಬೇಡ ಮರಿ," ಎಂದಳು ಅಮ್ಮ ಹಿಂದಿನಿಂದ. "ನನ್ನ ಧಾರೆ ಸೀರೆ ಇಸ್ತ್ರಿ ಮಾಡ್ತಿದ್ದೋರು. ಒಂದು ಗಳಿಗೆ ನಿಂತು ಹೋದ್ರೆ ಗಂಟೇನು ಹೋಗಲ್ಲ."

ನಾನು ಏನೂ ಹೇಳಲಿಲ್ಲ. ಹುಡುಗನೂ ಬೆರಳು ತೆಗೆದ. ಜಾಬ್ ಕಾರ್ಡಿನಲ್ಲಿ 'ದೂರು: ಇಲ್ಲದ ಮನುಷ್ಯ ಕಾಣುತ್ತಾನೆ. ಪರಿಶೀಲನೆ: ದೋಷವಿಲ್ಲ' ಎಂದು ಬರೆದುಕೊಟ್ಟ. ಬಿಲ್ಲಿನಲ್ಲಿ ಮಾತ್ರ 'ಮುಂಭಾಗದ ಸೆನ್ಸರ್ ಸ್ವಚ್ಛತೆ' ಎಂದು ನಿಂಬೆಹಣ್ಣು ಬಿಚ್ಚಿದ್ದಕ್ಕೆ ಪ್ರತ್ಯೇಕ ದುಡ್ಡು ಹಾಕಿದ್ದರು. ಅದರ ಮೇಲೆ ಜಿಎಸ್‌ಟಿ ಬೇರೆ.