ಗುಬ್ಬಿ ದಾರಿಯ ಪಂದ್ಯ

ವೇಗದ ಮೋಹ ಇಂದಿನ ತರುಣರಿಗಷ್ಟೇ ಅಂಟಿದ್ದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವುದಕ್ಕೆ ಎರಡು ವರ್ಷ ಮೊದಲು, ತುಮಕೂರಿನಲ್ಲಿ ಓದುತ್ತಿದ್ದ ಇಬ್ಬರು ಗೆಳೆಯರಿಗೂ ಅದು ಹಿಡಿದಿತ್ತು. ಗುಬ್ಬಿಯವನ ಬಳಿ ತಂದೆ ಕೊಂಡ ಯೆಜ್ಡಿ. ಕುಣಿಗಲ್ಲಿನವನ ಬಳಿ ಯಮಹಾ ಆರ್‌ಎಕ್ಸ್ 100.

ಯೆಜ್ಡಿಯದು 250 ಸಿ.ಸಿ. ಎಂಜಿನ್, ಎರಡು ಸೈಲೆನ್ಸರ್. ಎಡಗಾಲಿನ ಗೇರ್ ಲಿವರನ್ನೇ ಹಿಂದಕ್ಕೆ ಎತ್ತಿದರೆ ಅದೇ ಕಿಕ್ಕರ್! ಯಮಹಾದ ಎಂಜಿನ್ 100 ಸಿ.ಸಿ.ಯನ್ನೂ ಮುಟ್ಟದು, ಆದರೆ ಮೈ ಹಗುರ, ಹೊರಟೊಡನೆ ಚಿಮ್ಮುತ್ತಿತ್ತು. ದಾರಿ ಉದ್ದವಾದಂತೆ ಯೆಜ್ಡಿ ಹತ್ತಿರವಾಗುತ್ತಿತ್ತು. ಆದ್ದರಿಂದ ಜಗಳವೆಲ್ಲ ಗೆರೆ ಎಲ್ಲಿ ಎಳೆಯಬೇಕೆಂಬುದರ ಬಗ್ಗೆ. ಅರ್ಧ ಮೈಲಿ ಸಾಕೆಂದು ಇವನು, ಮಲ್ಲಸಂದ್ರದವರೆಗೂ ಓಡಬೇಕೆಂದು ಅವನು.

ಕುಣಿಗಲ್ಲಿನವನು ಕುದುರೆ ಫಾರಂ ನೋಡುತ್ತ ಬೆಳೆದವನು. ಹೈದರ್, ಟಿಪ್ಪುವಿನ ಕಾಲದಿಂದ ಬಂದ ಆ ಫಾರಂನ ಜೂಜುಗುದುರೆಗಳಿಗೂ ಓಡಲು ಬೇಲಿ ಹಾಕಿದ ಬೇರೆ ಮೈದಾನವಿತ್ತು. ಇವರ ಮೈದಾನ ದನ, ಗಾಡಿ, ಬಸ್ಸು ಓಡಾಡುವ ಹೆದ್ದಾರಿ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿದವರಿಗೆ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಒಂದು ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡವೆಂದಿತ್ತು; 2019ರ ತಿದ್ದುಪಡಿ ಅದನ್ನು ಮೂರು ತಿಂಗಳು, 5,000 ರೂಪಾಯಿಗೆ ಏರಿಸಿತು. ಇಪ್ಪತ್ತರ ಹರೆಯ ಕಾಯ್ದೆ ಓದುತ್ತದೆಯೆ?

ಒಂದು ಸಂಜೆ ಹೆಗ್ಗೆರೆ ದಾಟಿದ ಮೇಲೆ ತೆಂಗಿನಕಾಯಿ ಹೇರಿದ ಎತ್ತಿನಗಾಡಿಯೊಂದು ತೋಟದಿಂದ ರಸ್ತೆಗೆ ಬಂತು. ಯಮಹಾ ನುಸುಳಿ ಹೋಯಿತು. ಯೆಜ್ಡಿ ನಿಲ್ಲಲಿಲ್ಲ. ಗಾಡಿಯವನನ್ನು ಉಳಿಸಲು ಹ್ಯಾಂಡಲ್ ತಿರುವಿದ ಗುಬ್ಬಿಯವನು ಕಲ್ಲಿನ ಮೇಲೆ ಬಿದ್ದ. ಎಡ ಮಂಡಿ ಒಡೆಯಿತು. ಗೆಳೆಯ ಗುಬ್ಬಿ ಬಸ್ ನಿಲ್ದಾಣದ ಎದುರು ಗೆದ್ದ ಸಂಭ್ರಮದಲ್ಲಿ ಚಹಾ ಕುಡಿಯುತ್ತ ಕಾಯುತ್ತಿದ್ದ. ಲಾರಿಯವನೊಬ್ಬ ಬಂದು ಹೇಳುವವರೆಗೆ, ಸೋತವನು ನಾಚಿ ತಡಮಾಡುತ್ತಿದ್ದಾನೆಂದೇ ಅವನೆಣಿಕೆ. ಬಿದ್ದುದಕ್ಕಿಂತ ಈ ಕಾಯುವಿಕೆಯೇ ಇಬ್ಬರ ನಡುವೆ ಬಹುಕಾಲ ಉಳಿಯಿತು. ಒಬ್ಬನು ಕೇಳಲಿಲ್ಲ, ಮತ್ತೊಬ್ಬನು ಹೇಳಲಿಲ್ಲ. ಯಮಹಾ ಆ ವರ್ಷವೇ ಮಾರಾಟವಾಯಿತು.

ಯೆಜ್ಡಿ ಈಗಲೂ ಗುಬ್ಬಿಯ ತೋಟದ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗಿದೆ. ಯಜಮಾನನ ಮಂಡಿಗೆ ಕಿಕ್ ಹೊಡೆಯುವ ಬಲವಿಲ್ಲ. ಚೆನ್ನಬಸವೇಶ್ವರ ಜಾತ್ರೆಗೆ ಕುಣಿಗಲ್ಲಿನಿಂದ ಗೆಳೆಯ ಬರುತ್ತಾನೆ, ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸುತ್ತಾನೆ, ನಾಲ್ಕೈದು ಬಾರಿ ತುಳಿಯುತ್ತಾನೆ. ಹೊಗೆ ತುಂಬಿದಾಗ ಮನೆಯವರು ಬೈಯುತ್ತಾರೆ. ಯಜಮಾನ ಕುಂಟುತ್ತ ಬಂದು ಹಿಂದೆ ಕೂರುತ್ತಾನೆ. ತೋಟದ ದಾರಿಯಲ್ಲಿ ಗಾಡಿ ಎರಡನೇ ಗೇರ್ ದಾಟುವುದಿಲ್ಲ.